ಅಕ್ಕ ಹೊಲಿದ ಭಾಲ್ಕಿ

ಆ ಭಾನುವಾರ ನಾನು ಭಾಲ್ಕಿಗೆ ಹೋಗಿದ್ದು ಒಂದು ಪ್ಯಾಂಟಿನ ಜಿಪ್ ಬದಲಿಸಿಕೊಂಡು ಬರಲಿಕ್ಕೆ. ಬೀದರಿನಲ್ಲಿ ಟೇಲರುಗಳಿಲ್ಲವೇ ಎಂದು ನನ್ನ ಹೆಂಡತಿ ಪ್ರತಿ ಸಲವೂ ಕೇಳುತ್ತಿದ್ದಳು. ಬೇಕಾದಷ್ಟು ಇದ್ದಾರೆ. ಆದರೆ ಒಡಹುಟ್ಟಿದ ಅಕ್ಕ ಟೇಲರ್ ಆಗಿರುವಾಗ ಮತ್ತೊಬ್ಬರ ಕೈಗೆ ಬಟ್ಟೆ ಕೊಡಲು ನನಗೆ ಮನಸ್ಸು ಬರುತ್ತಿರಲಿಲ್ಲ. ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಯಲ್ಲಿ ವಾರವಿಡೀ ಪ್ಯಾಕಿಂಗ್ ಯಂತ್ರದ ಮುಂದೆ ನಿಲ್ಲುವವನಿಗೆ ಭಾನುವಾರ ಬಸ್ಸು ಹತ್ತಲು ಒಂದು ನೆಪವೂ ಬೇಕಿತ್ತು.

ಅಕ್ಕನ ಅಂಗಡಿ ಎಂದರೆ ಭಾಲ್ಕಿಯ ಬಾಡಿಗೆ ಮನೆಯ ಮುಂದಿನ ಕೋಣೆ. ಅಲ್ಲಿ ಅವಳೂ ಅವ್ವನೂ ಇದ್ದರು. ನಾನು ಒಳಗೆ ಹೋದಾಗ ಅಕ್ಕ ಹೊಲಿಯುತ್ತಿರಲಿಲ್ಲ, ವಿಮಾನ ಹಾರಿಸುತ್ತಿದ್ದಳು. ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಯಂತ್ರವೊಂದರ ತಲೆ ತೆಗೆಸಿ, ಅದರ ಹಲಗೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡಿದ್ದಳು. ಬಲಗೈಯಲ್ಲಿ ಜಾಯ್‌ಸ್ಟಿಕ್. ವಿಮಾನ ಮೇಲೇರುವಾಗ ಅವಳಿಗೆ ಅರಿವಿಲ್ಲದೆ ಎರಡೂ ಕಾಲು ಕೆಳಗಿನ ಪೆಡಲನ್ನು ತುಳಿಯುತ್ತಿದ್ದವು. ಬೆಲ್ಟಿಲ್ಲದ ಚಕ್ರ ಸುಮ್ಮನೆ ತಿರುಗುತ್ತಿತ್ತು. ಅವ್ವ ಬಾಗಿಲ ಹತ್ತಿರ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು.

“ಅವ್ವಾ, ಬೀದರ್ ಬಿಟ್ಟೆ ನೋಡು,” ಎಂದಳು ಅಕ್ಕ.

“ಬಿಟ್ಟೇಬಿಟ್ಟಿ? ಬರೂಮುಂದ ಥೋಡೆ ಕೊತ್ತಂಬರಿ ತರೋದಿತ್ತಲ್ಲ.”

“ಮ್ಯಾಲಿಂದ ಕೊತ್ತಂಬರಿ ಕಾಣಲ್ಲವ್ವ.”

“ಕೊತ್ತಂಬರಿ ಕಾಣಲ್ಲಂದ್ರ ಯಾತರ ವಿಮಾನ ಅದು? ಬಸ್ಸೇ ಛಲೋ.”

ಅಕ್ಕ ನಕ್ಕು ನನ್ನ ಕಡೆ ತಿರುಗಿದಳು. “ತಮ್ಮಾ, ಬಂದಿ? ಕೂಡು. ಭಾಲ್ಕಿ ಬಂತು. ಇಳಿಸಿ ಚಾ ಮಾಡ್ತೀನಿ.”

ಭಾಲ್ಕಿಯಲ್ಲಿ ವಿಮಾನ ಇಳಿಯುವ ಜಾಗವೇ ಇಲ್ಲ. ಪರದೆಯ ಮೇಲೆ ಊರ ಹೊರಗಿನ ಒಂದು ಹೊಲದಲ್ಲಿ ಅಕ್ಕ ತಾನೇ ಕೆಂಪು ಮಣ್ಣಿನ ಪಟ್ಟಿಯೊಂದನ್ನು ಮಾಡಿಟ್ಟಿದ್ದಳು. ಅಲ್ಲಿ ವಿಮಾನ ಇಳಿದದ್ದೇ ಗೊತ್ತಾಗಲಿಲ್ಲ, ಅಷ್ಟು ಮೆತ್ತಗೆ ಇಳಿಸಿದಳು. ಆಮೇಲೆ ಚಹಾ ಆಯಿತು, ಜಿಪ್ ಆಯಿತು. ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ನಾನು ಬಸ್ಸಿಗೆ ಹೊರಟೆ. “ಬರೋ ವಾರ ಆ ನೀಲಿ ಅಂಗಿ ತಗೊಂಡ್ ಬಾ, ಕಾಲರ್ ತಿರುವಿ ಕೊಡ್ತೀನಿ,” ಎಂದಳು. ಅಷ್ಟೇ. ಬೇರೆ ಯಾವ ವಿಶೇಷ ಮಾತೂ ಆಗಲಿಲ್ಲ.

ಆ ವಾರದ ನಡುವೆಯೇ, ಬೆಳಿಗ್ಗೆ ಬಟ್ಟೆ ಕತ್ತರಿಸುತ್ತ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳಂತೆ. ತಲೆಯಲ್ಲಿ ನರ ಒಡೆದಿತ್ತು ಎಂದು ಡಾಕ್ಟರು ಹೇಳಿದರು. ನಾನು ಭಾಲ್ಕಿ ಮುಟ್ಟುವಷ್ಟರಲ್ಲಿ ಅವಳು ಇರಲಿಲ್ಲ.

ಅಕ್ಕ ಮದುವೆಯಾಗಿರಲಿಲ್ಲ. ನಾವು ಔರಾದಿನವರು. ಅಪ್ಪ ತೀರಿಕೊಂಡ ಮೇಲೆ ಅಲ್ಲಿಯ ಮನೆ ಮಾರಿ, ಅವಳು ಅವ್ವನನ್ನು ಕರೆದುಕೊಂಡು ಭಾಲ್ಕಿಗೆ ಬಂದು ಹೊಲಿಗೆ ಹಿಡಿದಳು. ನನ್ನನ್ನು ಹತ್ತನೆಯ ತರಗತಿಯವರೆಗೆ ಓದಿಸಿದ್ದೂ ಆ ಹೊಲಿಗೆಯೇ. ಜಂಪರುಗಳ ಬೆನ್ನಿಗೆ ನವಿಲು, ಕಮಲ ಹಾಕುವ ಕಂಪ್ಯೂಟರ್ ಎಂಬ್ರಾಯ್ಡರಿ ಭಾಲ್ಕಿಗೆ ಬಂದಾಗ ಅಕ್ಕನೂ ಒಂದು ಯಂತ್ರ ತಂದಳು. ಅದಕ್ಕೆ ಡಿಸೈನ್ ಮಾಡಲು ಬೀದರಿನಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ಒಂದನ್ನು ಕೊಂಡಳು. ಹಳೆಯ ಮಾಲೀಕರು ಅದರಲ್ಲಿ ಒಂದು ವಿಮಾನದ ಸಿಮ್ಯುಲೇಟರ್ ಬಿಟ್ಟಿದ್ದರು. ಮನೆಯಲ್ಲೇ ಕೂತು ನಿಜವಾದ ಹಾಗೆ ವಿಮಾನ ಹಾರಿಸುವ ಪ್ರೋಗ್ರಾಂ ಅದು. ಅದರ ಡಿವಿಡಿಗಳೂ ಜಾಯ್‌ಸ್ಟಿಕ್ಕೂ ಡಬ್ಬಿಯಲ್ಲೇ ಇದ್ದವು. ಆಗಲೇ ಅದು ಹಳೆಯದು.

ನಮ್ಮ ಕಡೆ ವಿಮಾನದ ಸದ್ದಿಗೆ ಯಾರೂ ತಲೆ ಎತ್ತುವುದಿಲ್ಲ. ಬೀದರಿನ ವಾಯುಪಡೆಯ ತರಬೇತಿ ವಿಮಾನಗಳು ದಿನಾ ತಲೆಯ ಮೇಲೆ ಸುತ್ತುತ್ತವೆ, ಕಾಗೆಗಳಷ್ಟೇ ಪರಿಚಯ. ಅಕ್ಕ ಮಾತ್ರ ಕತ್ತರಿ ಕೆಳಗಿಟ್ಟು ಬಾಗಿಲಿಗೆ ಬಂದು ನೋಡುತ್ತಿದ್ದಳು. ಸಿಮ್ಯುಲೇಟರ್ ತೆರೆದವಳು ಮೊದಲು ಹುಡುಕಿದ್ದು ಬೀದರನ್ನೇ. ಬೀದರಿನ ರನ್‌ವೇ ಅದರಲ್ಲಿ ಇತ್ತು. ಆದರೆ ಸುತ್ತ ಯಾವುದೋ ದೇಶದ ಹಸಿರು ನೆಲ. ಕೋಟೆ ಇಲ್ಲ, ರೈಲು ಹಳಿಯ ಪಕ್ಕದ ಊರುಗಳಿಲ್ಲ, ಭಾಲ್ಕಿ ಅಂತೂ ಇಲ್ಲವೇ ಇಲ್ಲ. ಅವಳಿಗೆ ಸಿಟ್ಟೇ ಬಂತು. “ನಮ್ಮೂರು ಬೀಳು ಬಿಟ್ಟಾರ ನೋಡು ತಮ್ಮಾ,” ಎಂದು ನನಗೆ ಫೋನು ಮಾಡಿ ದೂರಿದ್ದಳು.

ಇಂಥ ಪ್ರೋಗ್ರಾಮಿಗೆ ಹೊರಗಿನವರು ತಾವೇ ಊರು, ಕಟ್ಟಡ, ವಿಮಾನ ಮಾಡಿ ಸೇರಿಸಬಹುದು. ಆಡ್-ಆನ್ ಎನ್ನುತ್ತಾರೆ. ಅಕ್ಕ ಅದನ್ನು ಕಲಿತಳು. ಹೇಗೆ ಕಲಿತಳೋ ನಾನು ಪೂರ್ತಿ ಅರಿಯೆ. ಆದರೆ ಮಾಡಿದ್ದು ಹೊಲಿಗೆಯವಳ ಹಾಗೆಯೇ. ಮೊದಲು ಕಟ್ಟಡದ ಗೋಡೆಗಳ ಫೋಟೋ ಹೊಡೆಯುತ್ತಿದ್ದಳು. ಆಮೇಲೆ ಜಂಪರಿಗೆ ಪೇಪರ್ ಕಟಿಂಗ್ ಮಾಡಿದಂತೆ ಮುಂಭಾಗ, ಬೆನ್ನು, ಎರಡು ಬಗಲು ಎಂದು ಕಾಗದ ಕತ್ತರಿಸಿ ಜೋಡಿಸಿ ನೋಡುತ್ತಿದ್ದಳು. ಸರಿ ಕೂತ ಮೇಲೆಯೇ ಅಳತೆ ಕಂಪ್ಯೂಟರಿಗೆ ಹೋಗುತ್ತಿತ್ತು. ಬಟ್ಟೆಯಲ್ಲಿ ಹೊಲಿಗೆಗೆಂದು ಅಂಚು ಬಿಡುವ ಹಾಗೆ ಫೋಟೋದ ಅಂಚಿನಲ್ಲೂ ಸ್ವಲ್ಪ ಬಿಡುತ್ತಿದ್ದಳು. ಹಾಗಾಗಿ ಅವಳ ಗೋಡೆಗಳ ಮೂಲೆಯಲ್ಲಿ ಎಲ್ಲೂ ಸಂದು ಕಾಣುವುದಿಲ್ಲ.

ಭಾಲ್ಕಿ ರೈಲು ನಿಲ್ದಾಣವನ್ನು ಅವಳು ಅಳೆದದ್ದು ಕೊರಳಲ್ಲಿ ಹಾಕಿಕೊಳ್ಳುವ ಅದೇ ಟೇಪಿನಿಂದ. ಟೇಪಿನ ಆ ತುದಿ ಅವ್ವನ ಕೈಯಲ್ಲಿ. ರೈಲಿಗೆ ಕಾದು ಕೂತಿದ್ದ ಒಬ್ಬರು ಬಹಳ ಹೊತ್ತು ನೋಡಿ ಕೇಳಿದರಂತೆ, “ಏನ್ರಿ ಅಕ್ಕಾರ, ಪ್ಲಾಟ್‌ಫಾರ್ಮಿಗಿ ಜಂಪರ್ ಹೊಲೀಲತ್ತೀರೇನು?”

“ಹೌದ್ರಿ,” ಎಂದಳಂತೆ ಅಕ್ಕ, “ತೋಳು ಉದ್ದ ಇಡ್ಲೋ ಗಿಡ್ಡ ಇಡ್ಲೋ ನೀವೇ ಹೇಳ್ರಿ.”

ಮಣ್ಣು ಕೊಟ್ಟು ಬಂದ ಸಂಜೆ ಮನೆಯಲ್ಲಿ ನಂಟರು ಕೂತಿದ್ದರು. ಭಾಲ್ಕಿಯ ಹತ್ತಿರದ ಹಳ್ಳಿ ಭಾತಂಬ್ರಾದಿಂದ ಬಂದಿದ್ದ ದೊಡ್ಡವ್ವ, ಎಂದರೆ ಅವ್ವನ ಅಕ್ಕ, ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. “ಗಂಡ ಇಲ್ಲ, ಮಕ್ಳಿಲ್ಲ. ಎರಡು ಮಷಿನ್ ಬಿಟ್ರ ಏನ್ ಬಿಟ್ಟೋದಳು, ಪಾಪ,” ಎಂದು ಸೆರಗು ಬಾಯಿಗೆ ಹಿಡಿದಳು. ಪ್ರೀತಿಯಿಂದಲೇ ಅಂದ ಮಾತು. ನಾನು ಮಾತನಾಡುವವನಲ್ಲ. ಆದರೆ ಒಳಗೇ ಅಂದುಕೊಂಡೆ: ನಮ್ಮಕ್ಕ ಒಂದು ಊರು ಬಿಟ್ಟು ಹೋಗಿದ್ದಾಳೆ. ವರ್ಷದ ಪುಣ್ಯಸ್ಮರಣೆಗೆ ಇವರೆಲ್ಲ ಮತ್ತೆ ಇಲ್ಲಿ ಸೇರುತ್ತಾರೆ. ಅಂದು ಅದನ್ನು ಇವರ ಮುಂದೆ ಇಡಬೇಕು.

ಅವ್ವ ನನ್ನ ಜೊತೆ ಬೀದರಿಗೆ ಬಂದಳು. ಎಂಬ್ರಾಯ್ಡರಿ ಯಂತ್ರ ಅದೇ ಗಲ್ಲಿಯ ಒಬ್ಬ ಹೆಣ್ಣುಮಗಳಿಗೆ ಹೋಯಿತು. ಮುಂದಿನ ಕೋಣೆಯನ್ನೂ ಅವಳೇ ಬಾಡಿಗೆಗೆ ಹಿಡಿದಳು. ಕಂಪ್ಯೂಟರನ್ನು ನಾನು ತಂದೆ. ಕೆಲವು ತಿಂಗಳು ಅದನ್ನು ಮುಟ್ಟಲಾಗಲಿಲ್ಲ, ಬಟ್ಟೆ ಮುಚ್ಚಿ ಇಟ್ಟಿದ್ದೆ. ಕೊನೆಗೊಂದು ರಜೆಯ ದಿನ ಪ್ಲಗ್ ಹಾಕಿದರೆ ದೀಪವೇ ಹತ್ತಲಿಲ್ಲ. ಅಕ್ಕ ಮಾಡಿದ್ದರ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಇದ್ದದ್ದು ಈ ಸತ್ತ ಡಬ್ಬಿಯ ಒಳಗೆ ಮಾತ್ರ.

ಬೀದರಿನ ಹಳೇ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬರ ಅಂಗಡಿಗೆ ಅದನ್ನು ಹೊತ್ತುಕೊಂಡು ಹೋದೆ. ಅವರು ನನ್ನದೇ ವಯಸ್ಸಿನವರು. ಡಬ್ಬಿಯ ಧೂಳು ಊದಿ ನನ್ನ ಮುಖ ನೋಡಿದರು.

“ಭಾಯಿ, ಇದು ಮನ್ಯಾಗಿನ ಕಂಪ್ಯೂಟರೋ, ಕಿಲ್ಲಾದಾಗ ಅಗಿಯೂಮುಂದ ಸಿಕ್ಕಿದ್ದೋ?”

“ಡಬ್ಬಿ ಹೋಗ್ಲಿ ಬಿಡ್ರಿ. ಒಳಗಿಂದು ಬೇಕಾಗ್ಯದ.”

“ಏನದ ಒಳಗ? ಜಮೀನಿನ ಕಾಗದ ಪತ್ರ?”

“ಭಾಲ್ಕಿ ಅದರಿ,” ಎಂದೆ.

ಅವರು ಸ್ಕ್ರೂಡ್ರೈವರ್ ಹಿಡಿದು ಹಾಗೇ ನಿಂತರು. ನಾನು ನಡೆದದ್ದನ್ನು ಹೇಳಿದೆ. ಅವರು ಮತ್ತೆ ತಮಾಷೆ ಮಾಡಲಿಲ್ಲ. ಒಳಗಿನ ಹಾರ್ಡ್ ಡಿಸ್ಕ್ ಬಿಚ್ಚಿ, ಒಂದು ವೈರಿನಿಂದ ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಪರದೆಯ ಮೇಲೆ ಅಕ್ಕನ ಫೋಲ್ಡರುಗಳು ಒಂದೊಂದಾಗಿ ಬಂದವು. ನವಿಲು, ಕಮಲ, ಮದುವೆ ಜಂಪರ್, ಕಣ್ಣಿಗೆ ಬಿದ್ದವಕ್ಕೆಲ್ಲ ಅವಳು ಕನ್ನಡದಲ್ಲೇ ಹೆಸರಿಟ್ಟಿದ್ದಳು. “ಜೀವ ಅದ ಇದಕ್ಕ,” ಎಂದರು ಅಂಗಡಿಯವರು. ನಾನು ಹೊರಗೆ ಬಂದು ರಸ್ತೆ ನೋಡುತ್ತ ನಿಂತೆ.

ಅವರ ಹತ್ತಿರವೇ ಹೊಸ ಕಂಪ್ಯೂಟರ್ ಕೊಂಡೆ. ಅವರು ಮೊದಲೇ ಎಚ್ಚರಿಸಿದರು. “ಆ ಹಳೇ ಸಿಮ್ಯುಲೇಟರ್ ಇದರಾಗ ಸೀದಾ ನಡ್ಯಲ್ರಿ. ಹೊಸದು ಹಾಕ್ಕೊಡ್ತೀನಿ. ಪೂರಾ ದುನಿಯಾ ಅದರಾಗ ಅದ, ನಿಮ್ಮ ಮನಿ ಮಾಳಗಿನೂ ಕಾಣ್ತದ.”

“ಅಕ್ಕ ಮಾಡಿದ್ದು ಅದರಾಗ ಕಾಣ್ತದೇನ್ರಿ?”

ಅವರು ಹಾಕಿ ನೋಡಿದರು. ಕಾಣಲಿಲ್ಲ. ಅಕ್ಕ ಅಳತೆ ತೆಗೆದು ಮಾಡಿದ್ದು ಹಳೆಯ ಪ್ರೋಗ್ರಾಮಿಗೆ, ಅದು ಹೊಸದರ ಮೈಗೆ ಕೂರಲಿಲ್ಲ. ಹಳೆಯದನ್ನೇ ನಡೆಸಬೇಕು, ಬೇರೆ ದಾರಿ ಇರಲಿಲ್ಲ.

ಅಲ್ಲಿಂದ ನನ್ನ ಓದು ಮತ್ತೆ ಶುರುವಾಯಿತು. ಹೊಸ ಕಂಪ್ಯೂಟರಿಗೆ ಸಿಮ್ಯುಲೇಟರಿನ ಡಿವಿಡಿ ಹಾಕುವ ಬಾಯಿಯೇ ಇರಲಿಲ್ಲ. ಹೊರಗಿನಿಂದ ಜೋಡಿಸುವ ಒಂದನ್ನು ಅಂಗಡಿಯವರು ಎರವಲು ಕೊಟ್ಟರು. ಸಿಮ್ಯುಲೇಟರ್ ಏರಿತು, ತೆರೆಯಿತು. ಆದರೆ ನಾನು ಏನೇ ಹೊಂದಿಸಿದರೂ ಮುಚ್ಚಿ ತೆರೆದ ಕೂಡಲೇ ಮರೆತುಬಿಡುತ್ತಿತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಯಾವ ಯಾವುದೋ ದೇಶದವರು ಇದೇ ಗೋಳನ್ನು ಬರೆದಿದ್ದರು. ನನ್ನ ಇಂಗ್ಲಿಷ್ ಹತ್ತನೆಯ ತರಗತಿಯದು. ಒಂದೊಂದು ಸಾಲನ್ನೂ ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿ ಓದಿದೆ. ಪ್ರೋಗ್ರಾಮುಗಳು ಸಾಮಾನ್ಯವಾಗಿ ಕೂರುವ ಫೋಲ್ಡರನ್ನು ಈಗಿನ ಕಂಪ್ಯೂಟರುಗಳು ಬೀಗ ಹಾಕಿ ಕಾಯುತ್ತವಂತೆ. ಹಳೆಯ ಪ್ರೋಗ್ರಾಮಿಗೆ ತನ್ನ ಮನೆಯಲ್ಲೇ ಒಂದು ಅಕ್ಷರ ಬರೆಯುವ ಅಧಿಕಾರ ಇಲ್ಲ. ಅದನ್ನು ಕಿತ್ತು, ಬೀಗವಿಲ್ಲದ ಬೇರೆ ಡ್ರೈವಿನಲ್ಲಿ ಕೂರಿಸಿದೆ. ನೆನಪು ಬಂತು.

ಆಮೇಲೆ ಇನ್ನೊಂದು. ಮೆನು ಕೆಲವು ಸಲ ತೆರೆದರೆ ಸಾಕು, ಇಡೀ ಪ್ರೋಗ್ರಾಂ ಬಿದ್ದುಬಿಡುತ್ತಿತ್ತು. ಅದಕ್ಕೆ ಹಳೆಯ ಕಾಲದ ಒಂದು ಸಣ್ಣ ಫೈಲನ್ನು ತಂದು ಪಕ್ಕದಲ್ಲಿ ಇಡಬೇಕು ಎಂದು ಒಬ್ಬರು ಬರೆದಿದ್ದರು. ಇಟ್ಟೆ, ಬೀಳುವುದು ನಿಂತಿತು. ಹಾರುತ್ತ ಹಾರುತ್ತ ವಿಮಾನದ ಮೈ ಕಪ್ಪಾಗುತ್ತಿತ್ತು. ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಸೇರಿಸಿದೆ, ಬಣ್ಣ ಬಂತು. ಪ್ರತಿಯೊಂದಕ್ಕೂ ನನಗೆ ಹಲವು ಸಂಜೆಗಳು ಹಿಡಿದವು. ಆದರೆ ಪ್ರತಿಯೊಂದೂ ಸರಿಹೋದಾಗ ಕಾರ್ಖಾನೆಗೆ ಎದೆ ಎತ್ತಿ ನಡೆದು ಹೋಗುತ್ತಿದ್ದೆ. ಯಾಕೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇಷ್ಟಾದ ಮೇಲೆ ಅಕ್ಕನ ಕೆಲಸವನ್ನು ಒಳಗೆ ಸೇರಿಸಬೇಕು. ಅಲ್ಲಿಯೇ ದೊಡ್ಡ ಗಂಟು ಬಿತ್ತು.

ಹೊಸ ಕಂಪ್ಯೂಟರ್ ಮನೆಗೆ ಬಂದ ದಿನ ಅವ್ವ ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು ಪೂಜೆ ಮಾಡಿದ್ದಳು. ನಮ್ಮ ಕಡೆ ಮದುವೆ ಕಾರ್ಡಿರಲಿ, ಅಂಗಡಿಯ ಖಾತೆ ಪುಸ್ತಕವಿರಲಿ, ಮೊದಲ ಸಾಲು ದೇವರದು. “ಏನ್ ಇಡ್ತಿ ಇಡು, ಮೊದಲ ದೇವರ ಹೆಸರು ಬರಿ,” ಎಂದಿದ್ದಳು ಅವ್ವ. ನನಗೂ ಸರಿ ಕಂಡಿತ್ತು. ಮೊದಲ ಫೋಲ್ಡರ್ ಮಾಡಿ, ಕನ್ನಡದಲ್ಲಿ ‘ಓಂ ನಮಃ ಶಿವಾಯ’ ಎಂದು ಹೆಸರಿಟ್ಟು, ಅಕ್ಕನದೆಲ್ಲವನ್ನೂ ಹಳೆಯ ಫೋಲ್ಡರುಗಳಿಂದ, ಅವುಗಳ ಹೆಸರನ್ನೂ ನೋಡದೆ, ಬಿಡಿಸಿ ಅದರೊಳಗೆ ಇಟ್ಟಿದ್ದೆ. ಅವಳ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು?

ಈಗ ಸಿಮ್ಯುಲೇಟರಿಗೆ ಆ ಜಾಗ ತೋರಿಸಬೇಕು. ಅದರಲ್ಲೂ ಒಂದು ವಿಚಿತ್ರವಿತ್ತು. ಫೋಲ್ಡರ್ ಆರಿಸಿ ಓಕೆ ಒತ್ತಿದರೆ ಅದು ಇನ್ನೂ ಒಳಗೆ ಹೋಗುತ್ತಿತ್ತೇ ಹೊರತು ಸೇರುತ್ತಿರಲಿಲ್ಲ. ಓಕೆ ಒತ್ತಿದ ಮೇಲೆ ಪಕ್ಕದ ಖಾಲಿ ಬಿಳಿ ಜಾಗದಲ್ಲಿ ಒಂದು ಸಲ ಒತ್ತಬೇಕಂತೆ. ಹಳೆಯ ಪ್ರೋಗ್ರಾಮನ್ನು ಹೊಸ ಕಂಪ್ಯೂಟರಿನಲ್ಲಿ ನಡೆಸುವವರಿಗೆಲ್ಲ ಗೊತ್ತಿರುವ ಉಪಾಯ ಅದು. ಹಾಗೇ ಮಾಡಿದೆ, ಪಟ್ಟಿಗೆ ಸೇರಿತು. ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆಗಳು ಬಂದಿದ್ದವು, ನಾನು ಲಕ್ಷ್ಯ ಕೊಡಲಿಲ್ಲ. ಬೀದರಿನಿಂದ ವಿಮಾನ ಏರಿಸಿದೆ. ಕೆಳಗೆ ಅದೇ ಪರದೇಶದ ಹಸಿರು. ಕೋಟೆ ಇಲ್ಲ. ಭಾಲ್ಕಿಯ ದಿಕ್ಕಿಗೆ ತಿರುಗಿದರೂ ಹಸಿರೇ. ತೆಗೆದು ಮತ್ತೆ ಸೇರಿಸಿದೆ. ಮೇಲೆ ಕೆಳಗೆ ಮಾಡಿ ನೋಡಿದೆ. ವಾರಗಟ್ಟಲೆ ಇದೇ ಆಯಿತು. ಪುಣ್ಯಸ್ಮರಣೆ ಹತ್ತಿರ ಬರುತ್ತಿತ್ತು. ಅಕ್ಕನ ಕೆಲಸವೇ ಕೆಟ್ಟುಹೋಗಿದೆ ಎಂದುಕೊಳ್ಳುವ ಹಂತಕ್ಕೆ ಬಂದೆ.

ಒಂದು ಭಾನುವಾರ ಅಂಗಡಿಯವರು ತೆಗೆದುಕೊಟ್ಟ ಹಳೆಯ ಡಿಸ್ಕನ್ನೇ ಮತ್ತೆ ಜೋಡಿಸಿಕೊಂಡು ಕೂತೆ. ಅಕ್ಕನ ಫೋಲ್ಡರುಗಳನ್ನು ಮೇಲಿನಿಂದ ಕೆಳಗೆ ನೋಡುತ್ತ ಹೋದೆ. ನವಿಲು ಕನ್ನಡ, ಕಮಲ ಕನ್ನಡ, ಮದುವೆ ಜಂಪರ್ ಕನ್ನಡ. ಸಿಮ್ಯುಲೇಟರಿನ ಕೆಲಸವಿದ್ದ ಒಂದೇ ಒಂದು ಫೋಲ್ಡರಿನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿತ್ತು: ಓಂ ನಮಃ ಶಿವಾಯ.

ಬಹಳ ಹೊತ್ತು ಅದನ್ನೇ ನೋಡಿದೆ. ಕಿರಾಣಿ ಚೀಟಿಯನ್ನೂ ಕನ್ನಡದಲ್ಲಿ ಬರೆಯುತ್ತಿದ್ದವಳು ಇದೊಂದನ್ನು ಯಾಕೆ ಹೀಗೆ ಬರೆದಳು? ಆಗ ತಿಳಿಯಿತು. ಪಟ್ಟಿಯಲ್ಲಿ ಬಂದ ಪ್ರಶ್ನೆ ಚಿಹ್ನೆಗಳು ಕನ್ನಡದ ಅಕ್ಷರ ಓದಲಾಗದೆ ಬಂದವು. ಆ ಹಳೆಯ ಪ್ರೋಗ್ರಾಮಿಗೆ ಕನ್ನಡದ ಹೆಸರಿನ ದಾರಿಯೇ ತಿಳಿಯುವುದಿಲ್ಲ. ಅವಳೂ ಮೊದಲು ಕನ್ನಡದಲ್ಲಿ ದೇವರ ಹೆಸರು ಬರೆದಿರಬೇಕು, ನನ್ನ ಹಾಗೆಯೇ ತಲೆ ಕೆಡಿಸಿಕೊಂಡಿರಬೇಕು, ಆಮೇಲೆ ಕಂಡುಹಿಡಿದಿರಬೇಕು. ಯಾರನ್ನೂ ಕೇಳದೆ, ಭಾಲ್ಕಿಯ ಆ ಕೋಣೆಯಲ್ಲಿ ಒಬ್ಬಳೇ. ನಾವಿಬ್ಬರೂ ಒಂದೇ ತಪ್ಪು ಮಾಡಿದ್ದೆವು ಎಂಬುದು ನನಗೆ ಎಂಥ ಸಮಾಧಾನ ಕೊಟ್ಟಿತೆಂದು ಹೇಳಲಾರೆ. ಒಬ್ಬಳೇ ತಾಯಿ ಇಬ್ಬರಿಗೂ ಕಲಿಸಿದ ತಪ್ಪು ಅದು.

ಹೆಸರು ಬದಲಿಸುವ ಮೊದಲು ಅವ್ವನಿಗೆ ಹೇಳಿದೆ.

“ದೇವರ ಹೆಸರು ಅಳಸ್ತಿ?” ಎಂದಳು.

“ಅಳಸಲ್ಲವ್ವ. ಇಂಗ್ಲಿಷ್‌ನಾಗ ಬರೀತೀನಿ. ಅಕ್ಕನೂ ಹಂಗೇ ಬರ್ದಿದ್ದಳು.”

ಅವ್ವ ಯೋಚಿಸಿದಳು. “ಶಿವಗ ಇಂಗ್ಲಿಷ್ ಬರ್ತದೇನು?”

“ಶಿವಗ ಎಲ್ಲಾ ಬರ್ತದ. ಈ ಹಳೇ ಪ್ರೋಗ್ರಾಮಿಗೇ ಕನ್ನಡ ಬರಲ್ಲ.”

“ಹಂಗಿದ್ರ ಬರಿ,” ಎಂದಳು. “ಪಾಪ, ಅದರದೇನು ತಪ್ಪು.”

ಬರೆದೆ. ಸೇರಿಸಿದೆ, ಖಾಲಿ ಜಾಗದಲ್ಲಿ ಒತ್ತಿದೆ. ವಿಮಾನ ನೆಲ ಬಿಟ್ಟು ಸ್ವಲ್ಪ ಮೇಲೇರಿ ಎಡಕ್ಕೆ ವಾಲಿತು, ಬೀದರ್ ಕೋಟೆ ಬಂತು. ಕೆಂಪು ಗೋಡೆ, ಬುರುಜು, ಕಂದಕ, ಒಳಗಿನ ಹುಣಸೆ ಮರಗಳು. ನೆಲವೂ ನಮ್ಮದೇ ಕೆಂಪು. ಅವ್ವ ಎದ್ದು ಪರದೆಯ ಹತ್ತಿರ ಬಂದಳು. ಬೆರಳಿನಿಂದ ಕೋಟೆಯ ಗೋಡೆ ಮುಟ್ಟಿದಳು. ನಾನು ಭಾಲ್ಕಿಯ ಕಡೆ ತಿರುಗಿಸಲು ಹೊರಟೆ, ಅವಳು ನನ್ನ ಕೈ ಹಿಡಿದಳು. “ಬ್ಯಾಡ, ನಿಂದ್ರಿಸು. ಭಾಲ್ಕಿಗಿ ಭಾಲ್ಕ್ಯಾಗೇ ಹೋಗೋಣು. ಎಲ್ಲರೂ ನೋಡ್ಲಿ.” ಅಂದಿನಿಂದ ನಾನು ಬೀದರಿನ ಮೇಲೆಯೇ ಸುತ್ತು ಹೊಡೆದು ಅಭ್ಯಾಸ ಮಾಡಿದೆ. ಅಕ್ಕನ ಹಾಗೆ ಇಳಿಸಲು ನನಗೆ ಬರಲಿಲ್ಲ, ಪ್ರತಿ ಸಲವೂ ಕುಪ್ಪಳಿಸಿ ಇಳಿಯುತ್ತದೆ. ಆದರೂ ಇಳಿಯುತ್ತದೆ.

ಪುಣ್ಯಸ್ಮರಣೆಯ ದಿನ ಕಂಪ್ಯೂಟರನ್ನು ದುಪ್ಪಟಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಭಾಲ್ಕಿ ಬಸ್ಸಿನಲ್ಲಿ ಕೂತೆ. ಪರದೆ ಅವ್ವನ ತೊಡೆಯ ಮೇಲೆ, ಜಾಯ್‌ಸ್ಟಿಕ್ ಹೆಂಡತಿಯ ಚೀಲದಲ್ಲಿ. ಕಂಡಕ್ಟರ್ ಬಂದು ಗಂಟಿನ ಕಡೆ ಕೈ ತೋರಿಸಿದರು.

“ಏನ್ರಿ ಇದು?”

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, “ವಿಮಾನ ಅದರಿ.”

“ವಿಮಾನಾ?” ಎಂದರು ಕಂಡಕ್ಟರ್. “ಮತ್ತ ನೀವು ಬಸ್ಸಿನಾಗ ಯಾಕ ಕೂತೀರಿ ಯವ್ವಾ? ಅದರಾಗೇ ಬರೋದಲ್ಲ?”

“ಭಾಲ್ಕಿ ಮುಟ್ಟಿದ ಮ್ಯಾಲ ಹಾರ್ತದ. ಟಿಕೀಟ್ ಕೊಡು ನೀ.”

ಭಾಲ್ಕಿಯಲ್ಲಿ ಅದೇ ಮುಂದಿನ ಕೋಣೆಯಲ್ಲಿ, ಈಗ ಅದನ್ನು ಹಿಡಿದಿರುವ ಹೆಣ್ಣುಮಗಳು ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟಳು. ಪೂಜೆ, ಊಟ ಮುಗಿದ ಮೇಲೆ ಪರದೆ ಬೆಳಗಿಸಿದೆ. ನಂಟರು ಕೂತರು. ಅಕ್ಕ ಜಂಪರ್ ಹೊಲಿದು ಕೊಟ್ಟ ಗಲ್ಲಿಯ ಹೆಂಗಸರು ಬಾಗಿಲ ತುಂಬ ನಿಂತರು. ಬೀದರ್ ಬಿಟ್ಟೆ. ಕೆಂಪು ನೆಲ ಮುಗಿದು ಕರಿ ನೆಲ ಬಂತು, ಕಬ್ಬಿನ ಹಸಿರು, ತೊಗರಿಯ ಹಳದಿ, ರೈಲು ಹಳಿ. ಹಳಿ ಹಿಡಿದು ಹೋದೆ. ಭಾಲ್ಕಿ ನಿಲ್ದಾಣ ಬಂತು. ಪ್ಲಾಟ್‌ಫಾರ್ಮು, ಅದರ ಮೇಲಿನ ಬೇವಿನ ಮರಗಳು, ಹೊರಗೆ ನಿಂತ ಆಟೋಗಳು. ಆಮೇಲೆ ಬಸ್ ನಿಲ್ದಾಣ, ಮಾರುಕಟ್ಟೆ, ಮಾಳಿಗೆಗಳು.

ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು.

“ಏ, ಅದು ನಮ್ಮ ಗಲ್ಲಿ ಅಲ್ಲೇನ? ನೀರಿನ ಟಾಕಿ ನೋಡು!”

“ನಮ್ಮ ಮನಿ ಅದು. ಬಣ್ಣ ಹಳೇದೇ ಅದಲ್ಲ. ಈಗ ನಾವು ಪಿಸ್ತಾ ಬಣ್ಣ ಹಚ್ಚೀವಿ.”

“ನೀ ಮೊನ್ನಿ ಹಚ್ಚಿದ್ದು ಆಕಿಗಿ ಹ್ಯಾಂಗ ಗೊತ್ತಾಗಬೇಕು?”

ಹಿಂದಿನಿಂದ ಒಬ್ಬ ಸೊಸೆ ಕೂಗಿದಳು, “ಅಣ್ಣಾರ, ಜರಾ ಕೆಳಗ ತಗೋರಿ. ನಮ್ಮ ಅತ್ತಿ ಮಾಳಗಿ ಮ್ಯಾಲ ಕೂತಾಳೇನು ನೋಡ್ತೀನಿ.”

“ಮನುಷ್ಯಾರಿಲ್ರಿ ಇದರಾಗ.”

“ಛಲೋ ಆತು ಬಿಡ್ರಿ! ಅತ್ತಿ ಇಲ್ದ ಭಾಲ್ಕಿ ಒಮ್ಮ್ಯಾರ ನೋಡಿದಂಗಾತು.”

ಅತ್ತೆ ಅವಳ ಪಕ್ಕದಲ್ಲೇ ನಿಂತಿದ್ದಳು, ಬೆನ್ನಿಗೆ ಒಂದು ಗುದ್ದು ಬಿತ್ತು. ಅಕ್ಕ ಹೋದ ಮೇಲೆ ಆ ಕೋಣೆಯಲ್ಲಿ ಹಾಗೆ ನಕ್ಕಿದ್ದು ಅದೇ ಮೊದಲಿರಬೇಕು.

ದೊಡ್ಡವ್ವ ಚಾಪೆಯಿಂದ ಎದ್ದು ನನ್ನ ಕುರ್ಚಿಯ ಹಿಂದೆ ಬಂದಿದ್ದಳು. “ಭಾತಂಬ್ರಾ ಅದೇನೋ ಇದರಾಗ?” ಎಂದು ಮೆಲ್ಲಗೆ ಕೇಳಿದಳು. ನನಗೂ ಗೊತ್ತಿರಲಿಲ್ಲ. ತಿರುಗಿಸಿದೆ. ಭಾತಂಬ್ರಾ ಇತ್ತು. ಊರ ಮನೆಗಳು, ಹೊಲಗಳು, ದೊಡ್ಡವ್ವನ ಮನೆಯ ಹಿಂದೆ ಕಲ್ಲು ಕಟ್ಟಿದ ಬಾವಿ. ಬಾವಿಯೊಳಗೆ ಇಳಿಯುವ ಮೆಟ್ಟಿಲೂ ಇದ್ದವು.

“ನನ್ನ ಬಾವಿ,” ಎಂದಳು ದೊಡ್ಡವ್ವ. “ಇದೆಲ್ಲಾ ನಮ್ಮ ಹುಡುಗಿ ಮಾಡ್ಯಾಳ? ಒಬ್ಬಾಕಿನೇ?”

“ಒಬ್ಬಾಕಿನೇ, ದೊಡ್ಡವ್ವ.”

ಅವಳು ಬಾಗಿಲಲ್ಲಿ ನಿಂತವರ ಕಡೆ ತಿರುಗಿದಳು. ಅವರಿಗೆಲ್ಲ ಗೊತ್ತಿದ್ದರೂ, ಗೊತ್ತಿಲ್ಲದವರಿಗೆ ಹೇಳುವಂತೆ ದೊಡ್ಡ ದನಿಯಲ್ಲಿ ಹೇಳಿದಳು, “ನಮ್ಮ ತಂಗಿ ಮಗಳು ಮಾಡಿದ್ದಿದು. ಭಾಲ್ಕಿ, ಭಾತಂಬ್ರಾ, ಬೀದರ್. ಪೂರಾ ಆಕಿನೇ ಮಾಡಿದ್ದು!” ನನ್ನ ಎದೆ ಅಷ್ಟು ತುಂಬಿದ್ದು ಬದುಕಿನಲ್ಲಿ ಎಂದೂ ಇಲ್ಲ. ನನ್ನ ಮದುವೆಯ ದಿನವೂ ಇಲ್ಲ.

ಜನ ಒಬ್ಬೊಬ್ಬರಾಗಿ ಕರಗಿದರು. ಮನೆಯವರು ಮಾತ್ರ ಉಳಿದೆವು. ವಿಮಾನ ಭಾಲ್ಕಿಯ ಕೆಂಪು ಪಟ್ಟಿಯ ಮೇಲೆ ನಿಂತಿತ್ತು. ಅವ್ವ ನನ್ನ ಕುರ್ಚಿಯ ಹತ್ತಿರ ಬಂದು ಹೇಳಿದಳು, “ಮಗಾ, ಔರಾದಕ್ಕ ಹೋಗು.”

ನಾನು ಏರಿಸಿದೆ. ಉತ್ತರಕ್ಕೆ ತಿರುಗಿ ಮಾಂಜ್ರಾ ನದಿ ದಾಟಿದೆ. ನದಿ ಇತ್ತು. ನಾನು ಅಲ್ಲಿ ಹುಟ್ಟಿದವನು, ದಿಕ್ಕು ತಪ್ಪುವುದಿಲ್ಲ. ನದಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಳಗಿನ ಕರಿ ಮಣ್ಣು ನಿಂತುಹೋಯಿತು. ಬಟ್ಟೆ ಸಾಲದೆ ನಿಲ್ಲಿಸಿದ ಹಾಗೆ ನೇರ ಅಂಚು. ಅದರಾಚೆ ಪ್ರೋಗ್ರಾಮಿನ ಹಸಿರು ನೆಲ. ನಾನು ಒಂದು ಸುತ್ತು ಹೊಡೆದೆ, ಇನ್ನೂ ಒಂದು ಹೊಡೆದೆ.

“ಇನ್ನ ಮುಂದ ಅದೇನು?” ಎಂದಳು ಅವ್ವ.

“ಇಲ್ಲವ್ವ. ಇದೇ ಔರಾದ.”

ನಾನು ವಿಮಾನವನ್ನು ಭಾಲ್ಕಿಗೆ ತಂದು ಇಳಿಸಿದೆ.

ಆಮೇಲೆ ಅಕ್ಕನ ಡಿಸ್ಕನ್ನು ಪೂರ್ತಿ ಹುಡುಕಿದೆ. ಔರಾದಿನ ಒಂದು ಫೋಟೋ ಇಲ್ಲ, ಒಂದು ಅಳತೆ ಇಲ್ಲ. ನಮ್ಮ ಮನೆ ಮಾರಿದ ಮೇಲೆ ಅವಳು ಅಲ್ಲಿಗೆ ಹೋಗಲೇ ಇಲ್ಲವೋ, ಕೊನೆಗೆ ಮಾಡೋಣ ಎಂದು ಇಟ್ಟಿದ್ದಳೋ, ನನಗೆ ತಿಳಿಯದು. ನಾನು ಅಕ್ಕ ಮಾಡಿದ್ದನ್ನು ತೆರೆಯಲು ಕಲಿತೆ, ಮಾಡಲು ಕಲಿತಿಲ್ಲ. ಈಗ ಅದು ನಮ್ಮ ಮನೆಯಲ್ಲಿ ಚೆನ್ನಾಗಿ ನಡೆಯುತ್ತದೆ, ಬೀಳುವುದಿಲ್ಲ, ಕಪ್ಪಾಗುವುದಿಲ್ಲ. ಬೀದರ್ ಇದೆ, ಭಾಲ್ಕಿ ಇದೆ, ಭಾತಂಬ್ರಾ ಇದೆ. ಔರಾದ್ ಇಲ್ಲ.